ಹ್ಯಾಂಡಲ್ ಇಲ್ಲದ ಲೇತ್

ಸವಣೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಪಡಸಾಲೆಯಲ್ಲಿ, ಬೇರೆಯವರ ಮನೆಗಳಲ್ಲಿ ಮಂಚ ಇರುವ ಜಾಗದಲ್ಲಿ, ಒಂದು ಲೇತ್ ಇತ್ತು. ಮೂರು ಫೂಟಿನ ಸಣ್ಣ ಯಂತ್ರ. ಒಂದು ತುದಿಯಲ್ಲಿ ಹಿತ್ತಾಳೆಯನ್ನೋ ಕಬ್ಬಿಣವನ್ನೋ ಕಚ್ಚಿ ಹಿಡಿದು ಗರಗರ ತಿರುಗಿಸುವ ಚಕ್, ಅದನ್ನು ಕೆತ್ತುವ ಟೂಲನ್ನು ಅತ್ತ ಇತ್ತ, ಹಿಂದೆ ಮುಂದೆ ಸರಿಸುವುದಕ್ಕೆ ಎರಡು ಹ್ಯಾಂಡಲ್. ಇಷ್ಟೇ. ಆ ಎರಡು ಹ್ಯಾಂಡಲ್ಲುಗಳ ಮೇಲೆ ಮೂವತ್ತು ವರ್ಷ ಕೈ ಇಟ್ಟು ಸಂಸಾರ ನಡೆಸಿದವರು ಮನೆಯ ಮಾಲೀಕರು. ಊರಿನವರೆಲ್ಲ ಅವರನ್ನು ಚಾಚಾ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಅವರ ಹೆಂಡತಿ ನನಗೆ ಚಾಚಿ. ಮಕ್ಕಳಿಲ್ಲದ ಮನೆ. ಹಿತ್ತಲ ಕಡೆಯ ಕೋಣೆಯಲ್ಲಿ ನಾನು.

ನಾನು ಹಿರೇಕೆರೂರ ಕಡೆಯ ಹಳ್ಳಿಯವನು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿ ಮೊದಲು ಶಿಗ್ಗಾಂವದಲ್ಲಿ ಎರಡು ವರ್ಷ ಇದ್ದು, ಆಮೇಲೆ ಸವಣೂರಿಗೆ ಬಂದೆ. ವಿಜ್ಞಾನದ ಮಾಸ್ತರ ಎಂದರೆ ತನಗೆ ಎಲ್ಲ ಗೊತ್ತಿದೆ ಎಂದು ತಿಳಿದುಕೊಳ್ಳುವುದಕ್ಕೆ ಸರ್ಕಾರದಿಂದ ಸಂಬಳ ಪಡೆಯುವ ಮನುಷ್ಯ. ಸಂಜೆಯ ಹೊತ್ತು ಕೆಟ್ಟ ರೇಡಿಯೋ ಬಿಚ್ಚುವುದು ನನ್ನ ಚಟವಾಗಿತ್ತು. ಬಿಚ್ಚಿದ ರೇಡಿಯೋಗಳಲ್ಲಿ ಅರ್ಧದಷ್ಟು ಮತ್ತೆ ಮಾತಾಡುತ್ತಿದ್ದವು.

ಚಾಚಾನ ಹತ್ತಿರ ಹಾನಗಲ್ಲಿನ ಅಕ್ಕಿ ಗಿರಣಿಗಳವರು ಬರುತ್ತಿದ್ದರು, ಹಿರೇಬೆಂಡಿಗೇರಿ ಕಡೆಯ ರೈತರು ಪಂಪಿನ ಸಾಮಾನು ಹಿಡಿದು ಬರುತ್ತಿದ್ದರು. ಹೆಚ್ಚಾಗಿ ಬುಶ್ಶಿನ ಕೆಲಸ. ಬುಶ್ ಎಂದರೆ ತಿರುಗುವ ಶಾಫ್ಟು ಸವೆಯದಂತೆ ಅದಕ್ಕೆ ತೊಡಿಸುವ ಹಿತ್ತಾಳೆಯ ಬಳೆ. ಬಿಗಿಯಾದರೆ ಶಾಫ್ಟು ಹಿಡಿದುಕೊಳ್ಳುತ್ತದೆ, ಸಡಿಲಾದರೆ ಗಿರಣಿ ಗಡಗಡ ಅನ್ನುತ್ತದೆ. ಚಾಚಾ ತಯಾರಾದ ಬುಶ್ಶನ್ನು ಅರಿವೆಯಿಂದ ಒರೆಸಿ, ಬೆರಳಿನಿಂದ ಒಂದು ಹನಿ ಎಣ್ಣೆ ಸವರಿ, ಗಿರಾಕಿಯ ಅಂಗೈಯಲ್ಲಿ ಇಡುತ್ತಿದ್ದರು. "ನೀವ ಹಾಕಿ ನೋಡ್ರಿ" ಅನ್ನುತ್ತಿದ್ದರು. ಗಿರಾಕಿ ತಾನು ತಂದ ಶಾಫ್ಟಿಗೆ ಅದನ್ನು ತೊಡಿಸಿದರೆ ಅದು ಒತ್ತಾಯವಿಲ್ಲದೆ, ಅವಸರವೂ ಇಲ್ಲದೆ ಮೆಲ್ಲಗೆ ಒಳಗಿಳಿಯುತ್ತಿತ್ತು. ಅಳತೆಪಟ್ಟಿ ತೆಗೆದು ಅಳೆದವರನ್ನು ನಾನು ಆ ಪಡಸಾಲೆಯಲ್ಲಿ ನೋಡಿಲ್ಲ. ಅಳೆದರೆ ಚಾಚಾಗೆ ಅವಮಾನ ಎಂದು ಎಲ್ಲರಿಗೂ ಗೊತ್ತಿತ್ತು.

ಅವರದು ಇನ್ನೊಂದು ಪದ್ಧತಿ ಇತ್ತು. ಕೊನೆಯ ಕಟ್, ಅಂದರೆ ಕೂದಲೆಳೆಯಷ್ಟು ಮಾತ್ರ ಕೆತ್ತಿ ಅಳತೆಗೆ ತರುವ ಹಂತ ಬಂದಾಗ ಲೇತಿನ ಮುಂದೆ ಒಂದು ಪರದೆ ಎಳೆದುಬಿಡುತ್ತಿದ್ದರು. ಹಳೆಯ ಬೆಡ್‌ಶೀಟು, ಎಣ್ಣೆ ಹತ್ತಿ ಕಪ್ಪಾಗಿತ್ತು. ಕೊನೆಯ ಕಟ್ ಮಂದಿ ನೋಡಬಾರದು, ನೋಡಿದರೆ ಟೂಲಿಗೆ ದೃಷ್ಟಿ ತಾಗುತ್ತದೆ ಎಂದು ಅವರ ಉಸ್ತಾದರು ಕಲಿಸಿದ್ದರಂತೆ. ಗಿರಾಕಿಗಳು ಹೊರಗೆ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡು ಕಾಯುತ್ತಿದ್ದರು. ನನಗೆ ಇದು ಮೂಢನಂಬಿಕೆ ಅನಿಸುತ್ತಿತ್ತು. ಹಾಗಂತ ಒಂದೆರಡು ಸಲ ಹೇಳಿಯೂ ಇದ್ದೆ. ಚಾಚಾ ನಕ್ಕು, "ನೀವು ಪೇಪರ್ ತಿದ್ದುವಾಗ ಹುಡುಗರನ್ನ ಬಾಜೂಕ ಕುಂದರಿಸಿಕೊಂತೀರೇನ್ರಿ ಮಾಸ್ತರ್ರ?" ಅಂದಿದ್ದರು.

ಎಂಬತ್ತರ ದಶಕದ ನಡುವೆ ಒಂದು ದಿನ ಚಹಾ ಕುಡಿಯುವಾಗ ಚಾಚಾನ ಕೈಯಲ್ಲಿ ಕಪ್ಪು ಬಶಿಗೆ ಬಡಿದು ಟಕಟಕ ಅಂದಿತು. ಮೊದಲ ದಿನ ಚಳಿ ಅಂದುಕೊಂಡೆ. ಆಮೇಲೆ ದಿನವೂ ನೋಡತೊಡಗಿದೆ. ಬಲಗೈ ಸುಮ್ಮನೆ ತೊಡೆಯ ಮೇಲೆ ಇದ್ದಾಗ ಹೆಬ್ಬೆರಳು ತೋರುಬೆರಳಿನ ಮೇಲೆ ಬೀಡಿ ಸುತ್ತುವವರ ಹಾಗೆ ಆಡುತ್ತಿತ್ತು. ಚಾಚಿ ಒಂದು ದಿನ ಬಾವಿಯ ಹತ್ತಿರ ನನ್ನನ್ನು ನಿಲ್ಲಿಸಿ, "ಅವರ ಕೈ ನೋಡಿದ್ರೇನ್ರಿ?" ಎಂದು ಕೇಳಿದರು. ನೋಡಿದೆ ಅಂದೆ. "ಹೊರಗ ಯಾರ ಮುಂದೂ ಆಡಬ್ಯಾಡ್ರಿ. ಟರ್ನರ್‌ನ ಕೈ ನಡಗತಾವ ಅಂತ ಗೊತ್ತಾದ್ರ ಯಾವ ಗಿರಾಕಿ ಬರ್ತಾರ್ರಿ? ಅವರು ಕೆಲಸ ಬಿಟ್ಟು ಬದುಕೂ ಮನಿಷಾ ಅಲ್ಲ" ಅಂದರು. ನಾನು ನನ್ನ ಕೊರಳು ಮುಟ್ಟಿಕೊಂಡು ಆಣೆ ಮಾಡಿದೆ.

ಅದೇ ದಿನಗಳಲ್ಲಿ ಪುಣೆಯಲ್ಲಿದ್ದ ನನ್ನ ಸೋದರಮಾವನ ಮಗ ಒಂದು ಕಂಪ್ಯೂಟರ್ ಕಳಿಸಿಕೊಟ್ಟ. ಕಂಪ್ಯೂಟರ್ ಅಂದರೆ ಈಗಿನಂಥದ್ದಲ್ಲ. ದಪ್ಪ ಕೀಲಿಮಣೆ ಒಂದೇ. ಅದನ್ನು ಟಿವಿಗೆ ಸಿಕ್ಕಿಸಬೇಕು, ಪ್ರೋಗ್ರಾಮನ್ನು ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ ಉಳಿಸಬೇಕು. ಅದರ ಜೊತೆ ಅವನು ಒಂದು ಹಳೆಯ ಪತ್ರಿಕೆಯನ್ನೂ ಕಳಿಸಿದ್ದ. ಯಾವುದೋ ದೇಶದ ಒಬ್ಬಾತ ತನ್ನ ಮನೆಯ ಶೆಡ್ಡಿನ ಸಣ್ಣ ಲೇತಿಗೆ ಹ್ಯಾಂಡಲ್ ಬದಲು ಮೋಟಾರು ಕೂರಿಸಿ, ಇಂಥದೇ ಕಂಪ್ಯೂಟರಿನಿಂದ ಅದನ್ನು ನಡೆಸಿದ್ದು ಅದರಲ್ಲಿತ್ತು. ಚಿತ್ರಗಳೂ ಇದ್ದವು. ಅವನ್ನು ನೋಡಿ ನನಗೆ ನಿದ್ದೆ ಬರಲಿಲ್ಲ. ನನ್ನ ಕೋಣೆಗೂ ಲೇತಿಗೂ ನಡುವೆ ಒಂದೇ ಬಾಗಿಲು.

ಈಗ ಹೇಳುವ ಮಾತನ್ನು ನಾನು ಬಹಳ ವರ್ಷ ಯಾರಿಗೂ ಹೇಳಲಿಲ್ಲ. ಲೇತಿಗೆ ಕೈ ಹಚ್ಚಬೇಕಾದರೆ ನನಗೊಂದು ಕಾರಣ ಬೇಕಿತ್ತು. ಚಾಚಾನ ಕೈ ನಡುಗುತ್ತದೆ, ಆದ್ದರಿಂದ ಕೆಲಸ ಕೆಡುತ್ತಿದೆ, ಆದ್ದರಿಂದ ಯಂತ್ರ ಬೇಕು: ಹೀಗೆ ಸರಪಳಿ ಚೆನ್ನಾಗಿ ಕೂಡುತ್ತಿತ್ತು. ನಡುವಿನ ಕೊಂಡಿ ಗಟ್ಟಿಯಿದೆಯೇ ನೋಡೋಣವೆಂದು ಶಾಲೆಯ ಲ್ಯಾಬಿನಿಂದ ಮೈಕ್ರೋಮೀಟರ್ ತಂದೆ. ಒಂದು ಶುಕ್ರವಾರ ಮಧ್ಯಾಹ್ನ ಚಾಚಾ ನಮಾಜಿಗೆ ಹೋದಾಗ, ಆ ವಾರ ಅವರು ಹಾನಗಲ್ಲಿನ ಗಿರಣಿಗೆ ಮಾಡಿಟ್ಟಿದ್ದ ಹನ್ನೆರಡು ಬುಶ್ಶುಗಳನ್ನು ಒಂದೊಂದಾಗಿ ಒರೆಸಿ ಅಳೆದೆ. ಹನ್ನೆರಡೂ ಸರಿ ಇದ್ದವು. ಸರಿ ಅಂದರೆ, ಒಂದು ಕೂದಲನ್ನು ನಾಲ್ಕು ಸೀಳು ಮಾಡಿದರೆ ಒಂದು ಸೀಳಿನಷ್ಟೂ ಫರಕು ಇರಲಿಲ್ಲ. ಎರಡನೆಯ ಸಲ ಅಳೆದೆ. ಫರಕು ಸಿಗಲೆಂದು ಅಳೆಯುತ್ತಿದ್ದೇನೆ ಎಂಬುದು ಆಗ ನನಗೇ ಗೊತ್ತಾಯಿತು. ನಾಚಿಕೆಯಾಯಿತು, ಆದರೆ ಪತ್ರಿಕೆಯ ಚಿತ್ರಗಳನ್ನು ಹರಿದು ಹಾಕುವಷ್ಟು ಆಗಲಿಲ್ಲ. ಮೈಕ್ರೋಮೀಟರನ್ನು ಸೋಮವಾರ ಲ್ಯಾಬಿನ ಕಪಾಟಿನಲ್ಲಿ ಇಟ್ಟೆ. ಹನ್ನೆರಡು ಬುಶ್ಶುಗಳ ಸುದ್ದಿ ನನ್ನ ಹೊಟ್ಟೆಯೊಳಗೇ ಉಳಿಯಿತು.

ಅಳೆದ ಆ ಶುಕ್ರವಾರ ಸಂಜೆಯೇ ಚಾಚಾನ ಮುಂದೆ ಪತ್ರಿಕೆ ಬಿಡಿಸಿದೆ. ಮೋಟಾರು ಹೇಗೆ ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ, ಒಂದು ಸುತ್ತಿಗೆ ಇನ್ನೂರು ಹೆಜ್ಜೆ, ಎಷ್ಟು ಹೆಜ್ಜೆ ಎಂದು ಕಂಪ್ಯೂಟರ್ ಎಣಿಸಿ ಹೇಳುತ್ತದೆ ಎಂದೆಲ್ಲ ವಿವರಿಸಿದೆ. ಕ್ಲಾಸಿನಲ್ಲಿಯೂ ನಾನು ಅಷ್ಟು ಚೆನ್ನಾಗಿ ಪಾಠ ಮಾಡಿರಲಿಲ್ಲ. ಅವರು ಚಿತ್ರ ನೋಡಲಿಲ್ಲ. ನನ್ನ ಮುಖ ನೋಡುತ್ತಿದ್ದರು, ಏನೋ ಹೇಳುತ್ತಾನೆ ಎಂದು ಕಾಯುವವರ ಹಾಗೆ. ನಾನು ಮೋಟಾರಿನ ಮಾತೇ ಆಡಿದೆ. ಕೊನೆಗೆ ಅವರು, "ಆತ್ರಿ. ನಿಮಗ ಬೇಕು ಅನಸಿದ್ರ ಮಾಡ್ರಿ" ಅಂದರು. ಅಷ್ಟು ಸುಲಭವಾಗಿ ಒಪ್ಪುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಅವರಿಗೂ ಖುಷಿಯಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಅನ್ನುತ್ತಾರಲ್ಲ, ಹಾಗಿತ್ತು ನನ್ನ ಹುರುಪು. ಪುಣೆಯ ಗುಜರಿಯಿಂದ ಹಳೆಯ ಪ್ರಿಂಟರುಗಳ ಮೋಟಾರು ಬಂದವು. ಹುಬ್ಬಳ್ಳಿಯಿಂದ ಟ್ರಾನ್ಸಿಸ್ಟರು ತಂದೆ. ಚಾಚಿಯ ಅಡುಗೆಮನೆಯ ಅಲ್ಯೂಮಿನಿಯಂ ತಾಟೊಂದನ್ನು ಬೇಡಿ ತೆಗೆದುಕೊಂಡು, ಟ್ರಾನ್ಸಿಸ್ಟರು ಕಾಯದಂತೆ ಅವುಗಳ ಬೆನ್ನಿಗೆ ಕಟ್ಟಿದೆ. ಕ್ಯಾಸೆಟ್ಟಿನಿಂದ ಪ್ರೋಗ್ರಾಮು ಕಂಪ್ಯೂಟರಿಗೆ ಇಳಿಯುವಾಗ ಸಾಸಿವೆ ಸಿಡಿದ ಹಾಗೆ, ಜೀರುಂಡೆ ಕೂಗಿದ ಹಾಗೆ ಐದು ನಿಮಿಷ ಸದ್ದು ಬರುತ್ತಿತ್ತು. ಚಾಚಾ ಅಷ್ಟು ಹೊತ್ತೂ ಗಂಭೀರವಾಗಿ ಕೇಳಿ, "ಹಾಡು ಮುಗೀತೇನ್ರಿ? ಇನ್ನರ ಕೆಲಸಕ್ಕ ಹತ್ತತೈತೇನು ಇದು?" ಅನ್ನುತ್ತಿದ್ದರು.

ಮೋಟಾರು ಕೂರಿಸಬೇಕಾದರೆ ಹ್ಯಾಂಡಲ್ ಬಿಚ್ಚಿ, ಹ್ಯಾಂಡಲ್ ಕೂರುವ, ಟೂಲನ್ನು ಸರಿಸುವ ಉದ್ದ ಸ್ಕ್ರೂಗಳ ತುದಿಯನ್ನು ತೆಳ್ಳಗೆ ಮಾಡಬೇಕಿತ್ತು. ನನ್ನ ಕೈಗೆ ಆ ಕೆಲಸ ಬಗ್ಗಲಿಲ್ಲ. ಚಾಚಾ ತಾವೇ ಅರ ತೆಗೆದುಕೊಂಡು ಕುಳಿತರು. ಮೂವತ್ತು ವರ್ಷ ತಮ್ಮ ಕೈ ಹಿಡಿದ ತುದಿಗಳನ್ನು ತಾವೇ ಉಜ್ಜಿ ಸವೆಸಿದರು. ನಾನು ಬ್ಯಾಟರಿ ಹಿಡಿದು ಬೆಳಕು ಬಿಡುತ್ತಿದ್ದೆ. ಅರ ಹಿಡಿದ ಆ ಕೈ ಒಂದಿಷ್ಟೂ ನಡುಗಲಿಲ್ಲ. ಅರ ಕೆಳಗಿಟ್ಟು ಬೀಡಿಗೆ ಕೈ ಹಾಕಿದಾಗ ನಡುಗಿತು. ಮತ್ತೆ ಅರ ಹಿಡಿದರೆ ನಿಂತಿತು. ಕೆಲಸವಿದ್ದರೆ ಸುಮ್ಮನಿದ್ದು, ಕೆಲಸವಿಲ್ಲದಾಗ ಮಾತ್ರ ನಡುಗುವ ಕೈ ಅದು ಎಂಬುದು ನನ್ನ ಕಣ್ಣ ಮುಂದೆಯೇ ಇತ್ತು. ನಾನು ಬ್ಯಾಟರಿಯ ಬೆಳಕು ಸರಿಯಾಗಿ ಬೀಳುತ್ತಿದೆಯೇ ಎಂದು ನೋಡುತ್ತಿದ್ದೆ.

ಮೊದಲ ಹತ್ತು ಹನ್ನೆರಡು ತುಂಡು ಹಾಳಾದವು. ಪ್ರೋಗ್ರಾಮಿನ ಲೆಕ್ಕ ಸರಿ, ಮೋಟಾರು ಸರಿ, ಆದರೆ ತಯಾರಾದ ಬುಶ್ಶು ಒಂದು ಸಲ ದಪ್ಪ, ಒಂದು ಸಲ ಸಣ್ಣ. ನಾನು ತಲೆ ಕೆಡಿಸಿಕೊಂಡು ಮೂರು ದಿನ ಟಿವಿಯ ಮುಂದೆ ಕುಳಿತೆ. ನಾಲ್ಕನೆಯ ದಿನ ಚಾಚಾ, "ಅದಕ್ಕ ಪೊಳ್ಳು ಸುತ್ತು ಐತಿ, ಹೇಳೀರೇನ್ರಿ?" ಅಂದರು. ಅಂದರೇನು ಎಂದು ಕೇಳಿದೆ. ಹಳೆಯ ಸ್ಕ್ರೂ ಸವೆದಿದೆ, ದಿಕ್ಕು ಬದಲಿಸಿದಾಗ ಕಾಲು ಸುತ್ತು ಹ್ಯಾಂಡಲ್ ತಿರುಗಿದರೂ ಟೂಲು ಸರಿಯುವುದಿಲ್ಲ. ಅದಕ್ಕೆ ಯಾವಾಗಲೂ ಹೆಚ್ಚು ಹಿಂದೆ ಹೋಗಿ, ಒಂದೇ ಕಡೆಯಿಂದ ಬರಬೇಕು. "ಮಧ್ಯಾಹ್ನದ ಮ್ಯಾಲ ಇನ್ನೊಂದ್ ಚೂರು ಕಡಿಮಿ ಆಗತೈತಿ, ಕಬ್ಬಿಣ ಕಾಯತೈತಲ್ಲ." ಇದೆಲ್ಲ ಅವರ ಮಣಿಕಟ್ಟಿನಲ್ಲಿತ್ತು. ನಾನು ಕೇಳಿ ಕೇಳಿ ಬರೆದುಕೊಂಡು, ಒಂದೊಂದನ್ನೂ ಅಂಕಿಯಾಗಿ ಪ್ರೋಗ್ರಾಮಿಗೆ ಹಾಕಿದೆ. ಅವರು ಏನನ್ನೂ ಮುಚ್ಚಿಡಲಿಲ್ಲ. ನಾನಾದರೋ ಹನ್ನೆರಡು ಬುಶ್ಶಿನ ಸುದ್ದಿ ಮುಚ್ಚಿಟ್ಟುಕೊಂಡು ಅವರ ಬಾಯಿಂದ ಎಲ್ಲ ಹೊರಡಿಸಿದೆ.

ಆಮೇಲೆ ಬಂದ ಬುಶ್ಶು ಸರಿ ಬಂತು. ಸುಳ್ಳು ಯಾಕೆ ಹೇಳಲಿ, ಆ ದಿನದ ಸಂತೋಷ ನನಗೆ ಇನ್ನೂ ಇದೆ. ಒಂದು ಕೀಲಿ ಒತ್ತಿದರೆ ಮೋಟಾರು ಕುಯ್ ಕುಯ್ ಅನ್ನುತ್ತ ಟೂಲನ್ನು ತಾನೇ ಮುಂದೆ ತಂದು, ಕೆತ್ತಿ, ತಾನೇ ಹಿಂದೆ ಹೋಗಿ ನಿಂತಿತು. ಯಾರೂ ಮುಟ್ಟದೆ ಹಿತ್ತಾಳೆ ಹೊಳೆಯಿತು. ಚಾಚಿ ಬಾಗಿಲಲ್ಲಿ ನಿಂತು ಕೆನ್ನೆ ಮೇಲೆ ಕೈ ಇಟ್ಟುಕೊಂಡರು. ಚಾಚಾ ಬುಶ್ಶನ್ನು ಒರೆಸಿ, ಎಣ್ಣೆ ಸವರಿ, ನನ್ನ ಅಂಗೈಯಲ್ಲಿ ಇಟ್ಟು, "ನೀವ ಹಾಕಿ ನೋಡ್ರಿ" ಅಂದರು. ಗಿರಾಕಿಗೆ ಕೊಡುವ ಹಾಗೆ ಕೊಟ್ಟರು. ಆಗ ಅದನ್ನು ನಾನು ಗೌರವ ಎಂದು ತಿಳಿದೆ.

ಎರಡು ತಿಂಗಳು ಚೆನ್ನಾಗಿ ನಡೆಯಿತು. ಚಾಚಾ ಹಿತ್ತಾಳೆ ಕಚ್ಚಿಸಿ, ಕೀಲಿ ಒತ್ತಿ, ಸ್ಟೂಲಿನ ಮೇಲೆ ಕೂರುವರು. ಮೊದಲು ಕೊನೆಯ ಕಟ್ ನಡೆಯುವಾಗ ಮಾತ್ರ ಎಳೆಯುತ್ತಿದ್ದ ಪರದೆಯನ್ನು ಈಗ ಗಿರಾಕಿ ಬಂದೊಡನೆಯೇ ಎಳೆದುಬಿಡುವರು. ಗಿರಾಕಿಗಳಿಗೆ ಒಳಗೆ ಏನಾಗಿದೆ ಎಂಬುದು ಗೊತ್ತಿರಲಿಲ್ಲ, ಹಾಗೇ ಇರಲಿ ಎಂದು ಚಾಚಾ ಹೇಳಿದ್ದರು. ಇದೇ ನನಗೆ ತಡೆಯಲಾಗದ ಸಂಗತಿಯಾಗಿತ್ತು. ಇಡೀ ಸವಣೂರಿನಲ್ಲಿ, ನನಗೆ ತಿಳಿದ ಮಟ್ಟಿಗೆ ಹಾನಗಲ್ಲು ಶಿಗ್ಗಾಂವಗಳಲ್ಲಿಯೂ ಇಲ್ಲದ ಒಂದು ವಸ್ತು ಮಾಡಿದ್ದೇನೆ, ಅದರ ಮುಂದೆ ಒಂದು ಹೊಲಸು ಬೆಡ್‌ಶೀಟು ಇಳಿಬಿಟ್ಟಿದೆ!

ಒಂದು ರವಿವಾರ ಹಾನಗಲ್ಲಿನ ಗಿರಣಿ ಸಾವ್ಕಾರರು ತಾವೇ ಬಂದರು. ಚಾಚಾನ ಹಳೆಯ ಗಿರಾಕಿ, ಮಾತಿನಲ್ಲಿ ಮೃದು, ದೊಡ್ಡ ಮನುಷ್ಯ. ಕಟ್ಟೆಯ ಮೇಲೆ ಕುಳಿತಿದ್ದರು. ನಾನೂ ಹೋಗಿ ಕುಳಿತೆ. ಒಳಗೆ ಮೋಟಾರಿನ ಕುಯ್ ಕುಯ್ ಕೇಳಿ ಅವರು, "ಏನ್ರಿ ಅದು ಹೊಸಾ ಸಪ್ಪಳ?" ಎಂದು ಕೇಳಿದರು. ಸುಮ್ಮನೆ ಇರಬಹುದಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಮಕ್ಕಳಿಗೆ ಹೇಳುತ್ತಿದ್ದವನು ನಾನೇ. "ಬರ್ರಿ ತೋರಿಸ್ತೇನಿ" ಎಂದು ಅವರನ್ನು ಒಳಗೆ ಕರೆದುಕೊಂಡು ಹೋಗಿ, ಕೊನೆಯ ಕಟ್ ನಡೆದಿರುವಾಗಲೇ ಪರದೆ ಸರ್ರನೆ ಸರಿಸಿದೆ.

ನಾನು ಯಂತ್ರ ತೋರಿಸುತ್ತಿದ್ದೆ. ಸಾವ್ಕಾರರು ಯಂತ್ರ ನೋಡಲಿಲ್ಲ. ಟೂಲು ತಾನಾಗಿಯೇ ಸರಿಯುತ್ತಿತ್ತು, ಅದರ ಪಕ್ಕದಲ್ಲಿ ಚಾಚಾ ಸ್ಟೂಲಿನ ಮೇಲೆ ಕುಳಿತಿದ್ದರು, ಮಾಡಲು ಏನೂ ಇಲ್ಲದ ಅವರ ಎರಡೂ ಕೈ ತೊಡೆಯ ಮೇಲೆ ಗಡಗಡ ನಡುಗುತ್ತಿದ್ದವು. ಚಾಚಾ ಒಂದು ಕೈಯಿಂದ ಇನ್ನೊಂದನ್ನು ಹಿಡಿದರು, ಎರಡೂ ಕೂಡಿ ನಡುಗಿದವು. "ಚಾಚಾ, ಕೈಗೆ ಏನಾತ್ರಿ?" ಎಂದು ಸಾವ್ಕಾರರು ಕೇಳಿದರು. ಉತ್ತರ ನಾನು ಕೊಟ್ಟೆ. "ಅದಕ್ಕ ಇದನ್ನ ಮಾಡಿದ್ದು ರಿ ಸಾವ್ಕಾರ್ರ. ಇನ್ನ ಚಾಚಾನ ಕೈ ಎಷ್ಟರ ನಡಗಲಿ, ಬುಶ್ ನಡಗಂಗಿಲ್ಲ!" ಅಂದೆ. ಆ ಮಾತನ್ನು ನಾನು ಎಷ್ಟೋ ದಿನ ಮೊದಲೇ ಹೊಂದಿಸಿ ಇಟ್ಟುಕೊಂಡಿದ್ದೆ, ಯಾರ ಮುಂದಾದರೂ ಅನ್ನಬೇಕೆಂದು. ಸಾವ್ಕಾರರು ನಗಲಿಲ್ಲ. ಚಾಚಾ ಎದ್ದು ಬುಶ್ಶು ತೆಗೆದು ಒರೆಸಿ ಎಣ್ಣೆ ಸವರಿ ಅವರ ಅಂಗೈಗೆ ಕೊಟ್ಟರು. ಸಾವ್ಕಾರರು ಅದನ್ನು ಶಾಫ್ಟಿಗೆ ತೊಡಿಸಿ ನೋಡಲಿಲ್ಲ. ಕಿಸೆಯಲ್ಲಿ ಹಾಕಿಕೊಂಡು, ಮನೆಗೆ ಹೋಗಿ ಅಳೆಸುತ್ತೇನೆ ಅಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಾನಗಲ್ಲಿನ ಗಿರಣಿಗಳಲ್ಲಿ ಸುದ್ದಿ ಹಬ್ಬಿತು, ಅಲ್ಲಿಂದ ನಮ್ಮ ಹಿರೇಕೆರೂರ ಕಡೆಗೂ ಹೋಯಿತು. ಸಾವ್ಕಾರರು ಕೆಟ್ಟ ಉದ್ದೇಶದಿಂದ ಹೇಳಿದವರಲ್ಲ, ಪಾಪ, ಚಾಚಾನ ಕೈ ಹೋಯಿತಂತೆ ಎಂದು ಮರುಗಿ ಹೇಳಿದರು. ಮರುಗಿ ಹೇಳಿದ ಸುದ್ದಿ ಇನ್ನೂ ಬೇಗ ಓಡುತ್ತದೆ. ಪಂಪಿನ ರೈತರು ನೇರವಾಗಿ ಹುಬ್ಬಳ್ಳಿಯ ಬಸ್ಸು ಹತ್ತತೊಡಗಿದರು. ಕಟ್ಟೆ ಖಾಲಿಯಾಯಿತು. ಚಾಚಿ ಬಾವಿಯ ಹತ್ತಿರ ಎದುರಾದರೆ ಕೊಡ ತುಂಬುವುದರಲ್ಲಿ ಮಗ್ನರಾಗುತ್ತಿದ್ದರು. ಆಣೆ ಮಾಡಿದ ನನ್ನ ಕೊರಳು ನೆಟ್ಟಗೇ ಇತ್ತು, ಅದೇ ಆಶ್ಚರ್ಯ.

ಇಲ್ಲಿಗೆ ಮುಗಿದಿದ್ದರೆ, ಬಾಯಿ ಹರಕ ಎಂದು ನನ್ನನ್ನು ನಾನು ಬೈದುಕೊಂಡು ಬದುಕಬಹುದಿತ್ತು. ಹದಿನೈದು ದಿನಕ್ಕೆ ಸಾವ್ಕಾರರ ಆಳು ನನ್ನ ಶಾಲೆಗೇ ಮಾದರಿ ತುಂಡು ಹಿಡಿದು ಬಂದ. "ಬುಶ್ ಭಾಳ ಛಲೋ ಆಗ್ಯಾವಂತ ರಿ. ನೀವ ಖುದ್ದ ನಿಂತು ಮಾಡಿಕೊಡಬೇಕಂತ ಸಾವ್ಕಾರ್ರು ಹೇಳ್ಯಾರ್ರಿ" ಅಂದ. ಹೆಡ್‌ಮಾಸ್ತರರು, ಉಳಿದ ಮಾಸ್ತರರು ಕೇಳಿಸಿಕೊಳ್ಳುತ್ತಿದ್ದರು. ಅದು ಚಾಚಾನ ಕೆಲಸ, ಅವರ ಹತ್ತಿರ ಹೋಗು ಎಂದು ಹೇಳಲು ಒಂದು ಉಸಿರು ಸಾಕಿತ್ತು. ನಾನು ಮಾದರಿ ತೆಗೆದುಕೊಂಡೆ. ಮನಸ್ಸಿಗೆ ಸಮಾಧಾನ ಹೇಳಿಕೊಂಡೆ: ಹೇಗಾದರೂ ಕೆಲಸ ಮನೆಗೆ ಬಂತಲ್ಲ, ಬಂದದ್ದೆಲ್ಲ ಚಾಚಾಗೇ ಕೊಡುತ್ತೇನಲ್ಲ. ಕೊಟ್ಟೆ ಕೂಡ. ಆದರೆ ಆ ದಿನದಿಂದ ಸಂಜೆ ಲೇತಿನ ಮುಂದಿನ ಸ್ಟೂಲಿನ ಮೇಲೆ ನಾನು ಕುಳಿತೆ. ಬಂದವರು ನನ್ನನ್ನು ಕೇಳಿದರು, ನನಗೆ ಹೇಳಿದರು. ಚಾಚಾ ಒಳಗಿನಿಂದ ಚಹಾ ತಂದು ಕೊಡುತ್ತಿದ್ದರು. ಬಶಿಯ ಟಕಟಕ ಸದ್ದು ಅಡುಗೆಮನೆಯಿಂದ ಪಡಸಾಲೆಯವರೆಗೆ ಬರುತ್ತಿತ್ತು, ಬಂದವರು ತಲೆ ಬಗ್ಗಿಸಿಕೊಳ್ಳುತ್ತಿದ್ದರು. ತಾವು ಹುಟ್ಟಿದ ಮನೆಯಲ್ಲಿ, ತಮ್ಮ ಲೇತಿನ ಬಾಜೂಕ, ಆ ಮನುಷ್ಯ ನನಗೆ ಚಹಾ ತಂದು ಕೊಟ್ಟರು. ನಾನು ಕುಡಿದೆ. ಸಕ್ಕರೆ ಹೆಚ್ಚಾಯಿತು ಎಂದೂ ಒಮ್ಮೆ ಅಂದೆ.

ಮುಂದಿನ ಬೇಸಿಗೆಯಲ್ಲಿ ಅದೂ ಮುಗಿಯಿತು. ಮಳೆಗೆ ಮುಂಚಿನ ಒಂದು ಮಧ್ಯಾಹ್ನ ಗಾಳಿ ಎದ್ದು ಕರೆಂಟು ಹೋಯಿತು. ಮತ್ತೆ ಬಂದಾಗ ಎಷ್ಟು ಜೋರಾಗಿ ಬಂತೆಂದರೆ ಬಲ್ಬು ಬೆಳ್ಳಗೆ ಉರಿದು ಒಡೆಯಿತು, ಟಿವಿಯಲ್ಲಿ ಒಂದು ಗೆರೆ ಬಂದು ಆರಿತು, ಕಂಪ್ಯೂಟರಿನಿಂದ ಸುಟ್ಟ ವಾಸನೆ ಬಂತು. ಪುಣೆಗೆ ಕಳಿಸಿದರೆ ರಿಪೇರಿಯಾಗುವುದಿಲ್ಲ ಎಂದು ವಾಪಸು ಬಂತು. ಹೊಸದು ತರುವ ಶಕ್ತಿ ನನಗಿರಲಿಲ್ಲ. ಇನ್ನು ಉಳಿದದ್ದು ಹಳೆಯ ಹ್ಯಾಂಡಲ್ ಕೂರಿಸುವುದು. ಕೂರಿಸಿದರೆ ತೆಳ್ಳಗಾದ ತುದಿಯ ಮೇಲೆ ಅವು ಗಲಗಲ ಜಾರಿದವು. ನಾನು ಹುಬ್ಬಳ್ಳಿಗೆ ಹೋಗಿ, ಅಳತೆ ಕೊಟ್ಟು ಹೊಸ ಸ್ಕ್ರೂ ಮಾಡಿಸಿ ತಂದೆ. ಚಾಚಾ ಅವನ್ನು ಜೋಡಿಸಿ, ಹ್ಯಾಂಡಲ್ ಹಿಡಿದು ಒಂದು ತುಂಡು ಕೆತ್ತಿದರು. ಕೈ ನಡುಗಲಿಲ್ಲ. ತುಂಡು ಮಾತ್ರ ಸಡಿಲಾಯಿತು. ಇನ್ನೊಂದು ಕೆತ್ತಿದರು. ಅದು ಬಿಗಿಯಾಯಿತು. "ಸ್ಕ್ರೂ ಬ್ಯಾರೆ ಆದ್ರ ಎಣಿಕಿ ಬ್ಯಾರೆ ರಿ ಮಾಸ್ತರ್ರ. ಈ ವಯಸ್ಸಿನಾಗ ಕೈಗೆ ಹೊಸದಾಗಿ ಏನ್ ಕಲಸ್ಲಿ?" ಎಂದು ನಕ್ಕರು. ಆ ಸಂಜೆ ಪರದೆಯ ಬೆಡ್‌ಶೀಟನ್ನೇ ತೆಗೆದು ಲೇತಿನ ಮೇಲೆ ಹೊದಿಸಿದರು.

ಮುಂದಿನ ವರ್ಷ ನನಗೆ ಹಿರೇಕೆರೂರಿಗೆ ವರ್ಗವಾಯಿತು. ಟ್ರಂಕು ಕಟ್ಟಿ ಹೊರಗಿಟ್ಟು, ಚಾಚಾನ ಹತ್ತಿರ ಹೋದೆ. ಅವರು ಬಾಗಿಲ ಹೊಸ್ತಿಲ ಬಳಿ ಕುಳಿತಿದ್ದರು. ಕೈ ತಮ್ಮಷ್ಟಕ್ಕೆ ಆಡುತ್ತಿದ್ದವು, ಈಗ ಮುಚ್ಚಿಟ್ಟುಕೊಳ್ಳುವ ಕಾರಣ ಇರಲಿಲ್ಲ. ಒಂದು ವರ್ಷದಿಂದ ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ಹೇಳಿದೆ. "ಚಾಚಾ, ನನ್ನಿಂದ ತಪ್ಪಾತ್ರಿ. ಸಾವ್ಕಾರ್ರ ಮುಂದ ನಾನು ಆ ಮಾತು ಆಡಬಾರದಿತ್ತು. ಚಾಚಿಗೆ ಮಾತು ಕೊಟ್ಟಿದ್ದೆ." ಕಾಲು ಮುಟ್ಟಲು ಬಗ್ಗಿದೆ. ಅವರು ನನ್ನ ಭುಜ ಹಿಡಿದು ಎಬ್ಬಿಸಿದರು.

"ಅದನ್ನ ಬಿಡ್ರಿ. ಇವತ್ತಿಲ್ಲ ನಾಳಿ ಗೊತ್ತಾಗೂದ ಇತ್ತು. ನಡಗೂ ಕೈ ಎಷ್ಟ್ ದಿನ ಮುಚ್ಚಿಡಾಕ ಬರತೈತಿ?" ಅಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು. "ಒಂದು ಕೇಳಲೇನ್ರಿ? ಖರೇ ಹೇಳಬೇಕು ಮತ್ತ. ಆ ಶುಕ್ರವಾರ ನೀವು ಬುಶ್ ಅಳದಿದ್ರಲ್ಲ, ಎಷ್ಟ್ ಫರಕ್ ಬಂದಿತ್ರಿ?"

ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ನಾನು ಎಣ್ಣಿ ಹಚ್ಚಿ ಇಟ್ಟಿದ್ನಿ. ನಮಾಜಿನಿಂದ ಬಂದು ನೋಡಿದ್ರ ಹನ್ನೆರಡೂ ಒಣಾ ಆಗಿದ್ವು."

"ಫರಕ್ ಇರಲಿಲ್ರಿ ಚಾಚಾ" ಅಂದೆ. "ಒಂದರಾಗೂ ಇರಲಿಲ್ಲ."

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಸುಳ್ಳು ಹೇಳಿ ಸಮಾಧಾನ ಮಾಡುತ್ತಿದ್ದೇನೋ ಎಂದು ಹುಡುಕುತ್ತಿದ್ದರು. ಇಲ್ಲ ಎಂದು ತಿಳಿದಾಗ ಅವರ ಕಣ್ಣು ತುಂಬಿದವು. ಸಿಟ್ಟು ಬಂದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ನೀವು ಅಳದು ಏನೂ ಅನ್ನಲಿಲ್ಲಲ್ಲ" ಅಂದರು. "ಅವತ್ತ ಸಂಜೀಕ ಆ ಯಂತ್ರದ ಮಾತು ತಗದ್ರಿ. ನನ್ನ ಕೆಲಸ ಕೆಟ್ಟೈತಿ, ಮುದುಕನ ಮನಸ್ಸು ನೋಯಬಾರದಂತ ಮಾಸ್ತರ್ರು ಬಾಯಿಬಿಟ್ಟು ಹೇಳವಲ್ರು ಅಂತ ತಿಳಕೊಂಡಿದ್ನಿ ರಿ ನಾನು. ಅದಕ್ಕ ಹೂಂ ಅಂದ್ನಿ."

ಬಸ್ಸಿನ ಹೊತ್ತಾಗಿತ್ತು. ಟ್ರಂಕಿನ ಇನ್ನೊಂದು ಹಿಡಿಕೆಯನ್ನು ಅವರೇ ಹಿಡಿದು ಎತ್ತಿದರು, ಬಸ್‌ಸ್ಟ್ಯಾಂಡಿನವರೆಗೂ ಬಂದರು. ಭಾರ ಹಿಡಿದ ಆ ಕೈ ದಾರಿಯುದ್ದಕ್ಕೂ ಒಂದು ಸಲವೂ ನಡುಗಲಿಲ್ಲ.